ರೇಟ್ ಕೇಳೋಕಿಂತ ಮೊದ್ಲು ಪಾಸ್‌ವರ್ಡ್ ಕೇಳ್ರಿ

ಗಿಣಿಗೇರಾ ಕಡೆ ಒಂದು ಸ್ಪಾಂಜ್ ಐರನ್ ಪ್ಲಾಂಟ್‌ನ್ಯಾಗ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡ್ಕೋತೀನ್ರಿ. ಕ್ಯಾಂಟೀನ್‌ನ್ಯಾಗ ನಮ್ಮ ಹುಡುಗ್ರು ಫೈಟರ್ ಜೆಟ್, ಯುದ್ಧನೌಕೆ ವಿಡಿಯೋ ಹಚ್ಕೊಂಡು ರೇಟ್ ಎಷ್ಟು, ಸ್ಪೀಡ್ ಎಷ್ಟು ಅಂತ ಮಾತಾಡ್ತಿರ್ತಾರ. ನಾ ಅವ್ರಿಗೆ ಹೇಳೋದು, ಹತ್ತು ವಿಮಾನ ನಿಂತಿದ್ರ ಅದ್ರಾಗ ಇವತ್ತು ಎಷ್ಟು ಏಳ್ತಾವ, ಅದನ್ನ ಮೊದ್ಲು ನೋಡ್ರೋ ಅಂತ.

ಅಮೆರಿಕದ ಎಫ್-35 ಫೈಟರ್ ಜೆಟ್ ತಗೋರಿ. ಅಲ್ಲಿನ ಸರ್ಕಾರಿ ಆಡಿಟ್ ಸಂಸ್ಥೆ ಜಿಎಒ 2023ರಾಗ ಕೊಟ್ಟ ವರದಿ ಪ್ರಕಾರ ಆ ಮಾರ್ಚ್‌ನ್ಯಾಗ ಕೆಲ್ಸಕ್ಕ ರೆಡಿ ಇದ್ದಿದ್ದು ಸುಮಾರು 55% ಅಷ್ಟ. 10,000ಕ್ಕೂ ಹೆಚ್ಚು ಪಾರ್ಟ್ ರಿಪೇರಿಗೆ ಕಾಯ್ಕೊಂತ ಬಿದ್ದಿದ್ವು. ನಂಗ ಹೊಟ್ಟಿ ಉರಿದಿದ್ದು ಇನ್ನೊಂದಕ್ಕ, ಹಾರ್ಸೋ ಮಿಲಿಟರಿ ಕೈಯಾಗ ರಿಪೇರಿಗೆ ಬೇಕಾದ ಟೆಕ್ನಿಕಲ್ ಡೇಟಾನ ಪೂರ್ತಿ ಇಲ್ಲ, ಕಂಪನಿಯವ್ರನ್ನ ಕರೀಬೇಕು.

ಇದು ನಾವೂ ಉಂಡಿದ್ದ ನೋವು. ಕಿಲ್ನ್ ಅಂದ್ರ ಅದಿರು ಕಾಯ್ಸೋ ತಿರುಗೋ ಕುಲುಮಿ, ಅದ್ರ ಹೊಗಿ ಎಳಿಯೋ ಐಡಿ ಫ್ಯಾನ್‌ಗೆ ಹೊರದೇಶದ ಡ್ರೈವ್ (ಮೋಟರ್ ಸ್ಪೀಡ್ ಕಂಟ್ರೋಲ್ ಮಾಡೋ ಪ್ಯಾನೆಲ್) ಇತ್ತು, ನೈಟ್ ಶಿಫ್ಟ್‌ನ್ಯಾಗ ಟ್ರಿಪ್ ಆತು, ಬಾಗ್ಲಾ ತೆಗೆದು ನೋಡಿದ್ರ ಒಳಗಿನ ಅಂಗೈ ಅಗಲದ ಕೂಲಿಂಗ್ ಫ್ಯಾನ್ ಧೂಳ ತಿಂದು ಜಾಮ್ ಆಗಿತ್ತು. ಅದನ್ನ ನಾವ ಬದಲಿಸಿದ್ವಿ. ಆದ್ರ ಫಾಲ್ಟ್ ರೀಸೆಟ್ ಮಾಡಾಕ ಹೋದ್ರ ಕೀಪ್ಯಾಡ್ ಪಾಸ್‌ವರ್ಡ್ ಕೇಳ್ತೈತಿ, ಅದು ಕಂಪನಿ ಇಂಜಿನಿಯರ್ ಹತ್ರ, ಅವ್ರು ಫೋನ್‌ನ್ಯಾಗ ಹೇಳಾಂಗಿಲ್ಲ ಅಂದ್ರು. ಅದಿರು ಹಾಕೋದು ನಿಲ್ಸಿ, ಬಿಸಿ ಕಿಲ್ನ್ ಬಗ್ಗಿ ಹೋಗಬಾರ್ದು ಅಂತ ಆಕ್ಸಿಲರಿ ಡ್ರೈವ್ (ಕಿಲ್ನ್ ತಿರುಗಿಸೋ ಸಣ್ಣ ಬದಲಿ ಮೋಟರ್) ಮ್ಯಾಲ ನಿಧಾನಕ್ಕ ತಿರುಗಿಸ್ಕೊಂತ ಅವ್ರ ದಾರಿ ಕಾದ್ವಿ.

ಅಮೆರಿಕದ ಹಡಗಿನ ಕಥಿನೂ ಹಂಗ ಐತಿ. ಜಮ್‌ವಾಲ್ಟ್ ಅನ್ನೋ ಡೆಸ್ಟ್ರಾಯರ್ 32 ಕಟ್ತೀವಿ ಅಂತ ಹೊರಟು 3ಕ್ಕ ನಿಲ್ಸಿದ್ರು. ಅದ್ರ ತೋಪಿಗಂತನ ಬ್ಯಾರೆ ಗುಂಡು ಮಾಡ್ಸಿದ್ರು, ಹಡಗು ಕಮ್ಮಿ ಆಗಿದ್ಕ ಒಂದೊಂದು ಗುಂಡಿಗೆ ಸುಮಾರು 8 ಲಕ್ಷ ಡಾಲರ್ ಬೀಳೋ ಹಂಗಾತು, 2016ರಾಗ ಖರೀದಿನ ಕೈಬಿಟ್ರು. ತೋಪು ಇತ್ತು, ಗುಂಡಿರಲಿಲ್ಲ! ಜೆರಾಲ್ಡ್ ಫೋರ್ಡ್ ಅಂತ ಸುಮಾರು 1,300 ಕೋಟಿ ಡಾಲರ್‌ನ ವಿಮಾನವಾಹಕ ನೌಕೆ 2017ರಾಗ ಸೇವೆಗೆ ಸೇರ್ತು, ಬಾಂಬ್ ಮ್ಯಾಲೆ ತರೋ 11 ಲಿಫ್ಟ್‌ನ್ಯಾಗ ಕೊನೀದು ರೆಡಿ ಆಗಿದ್ದು 2021ರ ಡಿಸೆಂಬರ್‌ಗೆ.

ನಮ್ಮ ದೇಶದ್ದು ಒಂದು ನಂಗ ಬಾಳ ಸೇರಿದ್ದು, 2016ರ 36 ರಫೇಲ್ ಒಪ್ಪಂದ. ರೇಟ್ ಬಗ್ಗೆ ದೇಶ ತುಂಬ ಜಗಳ ಆತು, ಆದ್ರ ವಿಮಾನಗಳ್ನ ಕನಿಷ್ಠ 75% ರೆಡಿ ಇಡಬೇಕು ಅನ್ನೋ ಶರತ್ತು ಅದ್ರಾಗ ಇತ್ತು ಅನ್ನೋದನ್ನ ಅಷ್ಟಾಗಿ ಯಾರೂ ಮಾತಾಡ್ಲಿಲ್ಲ. ಮೇಂಟೆನೆನ್ಸ್‌ನವ್ರಿಗೆ ಓದಾಕ ಸಿಗೋ ಸಾಲು ಅದ.

ಮೊನ್ನೆ ಹೊಸ ಡ್ರೈವ್ ತಗೋಳೋ ಮೀಟಿಂಗ್‌ನ್ಯಾಗ ಪರ್ಚೇಸ್‌ನವ್ರಿಗೆ ಅಂದೆ, "ಸರ್, ಬರೀ ಎಲ್-1 (ಎಲ್ಲಾರಕಿಂತ ಕಮ್ಮಿ ರೇಟ್) ನೋಡಬ್ಯಾಡ್ರಿ, ಪಾಸ್‌ವರ್ಡು, ಪ್ಯಾರಾಮೀಟರ್ (ಸೆಟ್ಟಿಂಗ್) ಬ್ಯಾಕಪ್ಪು, ಸರ್ಕ್ಯೂಟ್ ಡ್ರಾಯಿಂಗು, ಕಾರ್ಡು-ಫ್ಯಾನಿನ ಸ್ಪೇರ್ ರೇಟು, ಎಲ್ಲಾ ಪಿಒದಾಗ (ಖರೀದಿ ಆರ್ಡರ್‌ನ್ಯಾಗ) ಬರೀಸ್ರಿ." ಅವ್ರು ಬರೀಸಿದ್ರು. ಎಲ್ಲಾರಕಿಂತ ಕಮ್ಮಿ ರೇಟ್ ಕೊಟ್ಟ ವೆಂಡರ್ ಪಾಸ್‌ವರ್ಡ್ ಕೊಡಂಗಿಲ್ಲ ಅಂತ ಹಟ ಹಿಡಿದ, ಆರ್ಡರ್ ಅವನಿಗೆ ಹೋಗ್ಲಿಲ್ಲ.