ಭಾವನ ದಿನಚರಿ, ಬಂದೂಕಿನ ಅಂಗಡಿಯಲ್ಲಿ

"ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಮಾಡುತ್ತೀರಿ, ಒಂದೂ ಬಿಡದೆ ಹೇಳಿ."

ಶನಿವಾರದಿಂದ ಈ ಮಾತು ನನ್ನ ತಲೆಯಿಂದ ಇಳಿದಿಲ್ಲ. ಕೇಳಿದವನು ಡಲ್ಲಾಸ್ ಹೊರವಲಯದ ಒಂದು ಬಂದೂಕಿನ ಅಂಗಡಿಯ ಬಿಳಿಗಡ್ಡದ ಮುದುಕ. ಕೇಳಿದ್ದು ನಮ್ಮ ಭಾವನನ್ನು. ಭಾವ ಕೌಂಟರಿಗೆ ಎರಡೂ ಕೈ ಊರಿ, ದಿನವೂ ಸೊಂಟದಲ್ಲಿಟ್ಟುಕೊಳ್ಳಲು ಸಣ್ಣದೊಂದು ರಿವಾಲ್ವರ್ ಬೇಕು, 38 ಸ್ಪೆಷಲ್ ಗುಂಡಿನದು, ಗುಂಡು ಸಿಡಿಸಲು ಬಡಿಯುವ ಹ್ಯಾಮರ್ ಹೊರಗೆ ಚಾಚಿರಬಾರದು ಎಂದು ಒಂದೇ ಉಸಿರಿನಲ್ಲಿ ಹೇಳಿದ್ದರು. ತಿಂಗಳುಗಟ್ಟಲೆ ವಿಡಿಯೋ ನೋಡಿ ಮಾದರಿಗಳ ಸಂಖ್ಯೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಪ್ರೆಶರ್ ಕುಕ್ಕರ್ ಕೊಳ್ಳುವಾಗಲೂ ಅವರು ಹೀಗೆಯೇ. ತಿಳಿದವರ ಮುಂದೆ ತಾವು ಇನ್ನಷ್ಟು ತಿಳಿದವರಂತೆ ಮಾತನಾಡುವುದು ಅವರ ಹುಟ್ಟುಗುಣ. ಮುದುಕ ಅದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ. ಒಂದು ಆಯುಧವನ್ನೂ ಹೊರತೆಗೆಯದೆ ಈ ಪ್ರಶ್ನೆ ಹಾಕಿದ.

ಭಾವ ಅರಸೀಕೆರೆಯವರು. ತಮ್ಮ ಅಣ್ಣ ಹಾಕಿದ್ದ ಅರ್ಜಿಯ ಮೇಲೆ ವರ್ಷಗಟ್ಟಲೆ ಕಾದು, ತಲೆಗೂದಲು ನರೆಯಲು ಶುರುವಾದ ಮೇಲೆ ಗ್ರೀನ್ ಕಾರ್ಡ್ ಹಿಡಿದು ಬಂದರು. ಹೆದ್ದಾರಿಯ ಪಕ್ಕದ, ಪ್ರಯಾಣಿಕರು ತಂಗುವ ಒಂದು ಮೊಟೆಲ್‌ನಲ್ಲಿ ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್, ರಾತ್ರಿ ಹೊತ್ತು ಅವರೇ ಗುಮಾಸ್ತ, ಅವರೇ ಕಾವಲುಗಾರ, ನಲ್ಲಿ ಸೋರಿದರೆ ಅವರೇ ಪ್ಲಂಬರ್. 2025ರ ಸೆಪ್ಟೆಂಬರ್ 10ರಂದು ಇದೇ ಡಲ್ಲಾಸ್‌ನ ಇನ್ನೊಂದು ಮೊಟೆಲ್‌ನಲ್ಲಿ, ಕರ್ನಾಟಕದಿಂದಲೇ ಬಂದಿದ್ದ ಮ್ಯಾನೇಜರ್ ಒಬ್ಬರನ್ನು ಅಲ್ಲಿಯೇ ಕೆಲಸಕ್ಕಿದ್ದವನು ಹೆಂಡತಿ ಮತ್ತು ಮಗನ ಕಣ್ಣೆದುರಿಗೇ ಮಚ್ಚಿನಿಂದ ಕೊಂದ. ಕೆಟ್ಟ ವಾಷಿಂಗ್ ಮೆಷಿನ್ ಬಳಸಬೇಡ ಎಂದದ್ದರಿಂದ ಎದ್ದ ಜಗಳ. ಆ ದಿನದಿಂದ ಅಕ್ಕನಿಗೆ ಭಾವ ಮನೆ ತಲುಪಿದ ಮೇಲೆಯೇ ನಿದ್ದೆ. ರಿವಾಲ್ವರ್‌ನ ಯೋಚನೆ ಭಾವನದು. ಆದರೆ ನಾನೂ ಬರುತ್ತೇನೆ ಎಂದು ಹಟ ಹಿಡಿದು ಕಾರು ಹತ್ತಿದ್ದು ಅಕ್ಕ. ನನ್ನನ್ನು ಎಳೆದುಕೊಂಡು ಹೋದದ್ದೂ ಅವಳೇ.

ನನ್ನ ಸ್ಥಿತಿ ಅಲ್ಲಿ ವಿಚಿತ್ರವಾಗಿತ್ತು. ನಾನು ಎಚ್‌-1ಬಿ ವೀಸಾದವಳು. ಇಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕು ಕೊಳ್ಳುವುದಿರಲಿ, ಹತ್ತಿರ ಇಟ್ಟುಕೊಳ್ಳುವುದಕ್ಕೂ ಕೇಂದ್ರ ಸರ್ಕಾರದ ಕಾನೂನು ಅಡ್ಡ ಬರುತ್ತದೆ. ಮುದುಕನಿಗೆ ಇದನ್ನು ಹೇಳಿದೆ. "ಬೇಟೆಯ ಲೈಸೆನ್ಸ್ ತೆಗೆದುಕೊಂಡರೆ ಬೇರೆ ಮಾತು" ಎಂದು ನಕ್ಕ. ತಮಾಷೆಯಲ್ಲ, ಕಾನೂನಿನಲ್ಲಿ ಹಾಗೆಯೇ ಇದೆ. ಕಾಡುಪಾರಿವಾಳ ಹೊಡೆಯಲು ಪರವಾನಗಿ ಪಡೆದ ಸಾಫ್ಟ್‌ವೇರ್ ಪರೀಕ್ಷಕಿಗೆ ಬಂದೂಕು ಹಿಡಿಯುವ ದಾರಿ ತೆರೆದುಕೊಳ್ಳುತ್ತದೆ. ನಾನು ಕೈಕಟ್ಟಿ ನಿಂತೆ. ಅದಕ್ಕೇ ಎಲ್ಲವನ್ನೂ ಸರಿಯಾಗಿ ನೋಡಿದೆ ಎಂದು ಕಾಣುತ್ತದೆ.

ಭಾವ ಮೊದಲು ಕಸಿವಿಸಿಗೊಂಡರು. "ನನ್ನ ದಿನಚರಿಗೂ ರಿವಾಲ್ವರಿಗೂ ಏನು ಸಂಬಂಧ?" ಎಂದರು. "ಆಯುಧ ನಿಮ್ಮ ಮೈಮೇಲೆ ಹದಿನಾಲ್ಕು ಗಂಟೆ ಇರಬೇಕು. ಮೈ ಏನು ಮಾಡುತ್ತದೆ ಎಂದು ಗೊತ್ತಿಲ್ಲದೆ ನಾನು ಏನು ಮಾರಲಿ?" ಎಂದ ಆತ.

ಸರಿ, ಭಾವ ಶುರು ಮಾಡಿದರು. ಬೆಳಿಗ್ಗೆ ಮಗನನ್ನು ಶಾಲೆಗೆ ಬಿಡುತ್ತೇನೆ. "ಕಾರಿನಿಂದ ಇಳಿಯುತ್ತೀರಾ?" ಇಲ್ಲ. "ಬಂದೂಕು ಒಯ್ಯುವ ಲೈಸೆನ್ಸ್ ಇದೆಯೇ?" ಇದೆ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಬೇರೆ ಅಡ್ಡಿಯಿಲ್ಲದ 21 ತುಂಬಿದವರು ಲೈಸೆನ್ಸ್ ಇಲ್ಲದೆಯೂ ಕೈಬಂದೂಕು ಒಯ್ಯಬಹುದು. ಆದರೆ ಶಾಲೆಯಿಂದ 1000 ಅಡಿಯೊಳಗಿನ ರಸ್ತೆಗೆ ಕೇಂದ್ರದ ಕಾನೂನು ಬೇರೆ. ಅಲ್ಲಿ ರಾಜ್ಯದ ಲೈಸೆನ್ಸ್ ಇದ್ದವರಿಗೆ ರಿಯಾಯಿತಿ. ಹಾಗಾಗಿ ಭಾವ ಮೊದಲೇ ತರಗತಿಗೆ ಹೋಗಿ, ಪರೀಕ್ಷೆ ಬರೆದು, ಗುರಿ ಹೊಡೆದು ತೋರಿಸಿ ಲೈಸೆನ್ಸ್ ತೆಗೆದುಕೊಂಡಿದ್ದರು. ಈ ಎಚ್ಚರಿಕೆಯ ಬುದ್ಧಿಗೆ ನಾನು ಅವರನ್ನು ಮೆಚ್ಚಲೇಬೇಕು.

"ಆಮೇಲೆ?"

ನಿದ್ದೆ, ಊಟ, ಮಧ್ಯಾಹ್ನ ಕೆಲಸಕ್ಕೆ. ಮೊದಲು ಲಾಂಡ್ರಿ ಕೋಣೆ. ಬಗ್ಗಿ ಬಟ್ಟೆಯ ಗಂಟು ಎತ್ತುತ್ತೇನೆ. ಹಾಸಿಗೆ ಎತ್ತಿ ಅಡಿಯಲ್ಲಿ ನೋಡುತ್ತೇನೆ. "ಏನನ್ನು ನೋಡುತ್ತೀರಿ?" ಮಾದಕದ್ರವ್ಯ ಚುಚ್ಚಿಕೊಂಡವರ ಸೂಜಿ ಇರುತ್ತದೆ ಕೆಲವೊಮ್ಮೆ. ಆಮೇಲೆ? ಮುಂದಿನ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂರುತ್ತೇನೆ. "ಬೆನ್ನು ಯಾವ ಕಡೆ?" ಗೋಡೆಗೆ. ಯಾವಾಗಲೂ ಗೋಡೆಗೆ. ಆಮೇಲೆ? ಗಲಾಟೆ ಎಂದು ಯಾರಾದರೂ ದೂರಿದರೆ ಹೋಗಿ ಆ ಕೋಣೆಯ ಬಾಗಿಲು ತಟ್ಟುತ್ತೇನೆ. ಬಾಗಿಲ ಎದುರಿಗೆ ನಿಲ್ಲುವುದಿಲ್ಲ, ಪಕ್ಕದ ಗೋಡೆಗೆ ಒತ್ತಿ ನಿಂತು ತಟ್ಟುತ್ತೇನೆ.

"ಪಕ್ಕಕ್ಕೆ ಯಾಕೆ?" ಎಂದು ಕೇಳಿದ್ದು ಅಕ್ಕ, ಕನ್ನಡದಲ್ಲಿ.

ಭಾವ ಅವಳ ಕಡೆ ತಿರುಗಲಿಲ್ಲ. ಮುದುಕನಿಗೂ ಕನ್ನಡದ ಪ್ರಶ್ನೆ ಅರ್ಥವಾಯಿತೋ ಏನೋ, ಆತ ತಡೆಯದೆ ಮುಂದಿನದನ್ನು ಕೇಳಿದ. "ಈವರೆಗೆ ಯಾರಾದರೂ ಬೆದರಿಸಿದ್ದುಂಟೇ?"

"ಒಮ್ಮೆ. ಚಾಕು ತೋರಿಸಿದ. ಗಲ್ಲಾಪೆಟ್ಟಿಗೆಯ ಹಣ ಕೊಟ್ಟೆ, ನನ್ನ ಫೋನ್ ಕೊಟ್ಟೆ. ಹೋದ."

"ಯಾವಾಗ?"

"ಹಿಂದಿನ ವರ್ಷ. ದೀಪಾವಳಿಗೆ ಮುಂಚಿನ ವಾರ."

ಅಕ್ಕನ ಮುಖ ನೋಡಬೇಕಿತ್ತು. ಆ ದೀಪಾವಳಿ ನನಗೂ ನೆನಪಿದೆ. ಭಾವ ಫೋನ್ ಎಲ್ಲೋ ಕಳೆದುಕೊಂಡು ಬಂದಿದ್ದಾರೆ ಎಂದು ಅಕ್ಕ ಹಬ್ಬದ ದಿನವೆಲ್ಲ ಬೈದಿದ್ದಳು. ಹೋಳಿಗೆ ಬಡಿಸುತ್ತಲೂ ಬೈದಿದ್ದಳು. ಭಾವ ತಲೆ ತಗ್ಗಿಸಿ, ತುಪ್ಪ ಹಾಕಿಸಿಕೊಂಡು, ಬಸ್ಸಿನಲ್ಲೋ ಅಂಗಡಿಯಲ್ಲೋ ಬಿಟ್ಟಿರಬೇಕು ಎಂದಿದ್ದರು. ಬಸ್ಸು! ಈ ಊರಿನಲ್ಲಿ ಅವರು ಬಸ್ಸು ಹತ್ತಿದ್ದನ್ನು ನಾವು ಯಾರೂ ಕಂಡಿಲ್ಲ. ಆಗ ಅದು ಯಾರಿಗೂ ಹೊಳೆಯಲಿಲ್ಲ.

ಮುದುಕ ಚರ್ಚೆಗೆ ಎಡೆಕೊಡದೆ ಕೆಲಸಕ್ಕಿಳಿದ. ಮೊದಲು ತೋರಿಸಿದ್ದು ಒಂದು ಪುಟ್ಟ ಪಿಸ್ತೂಲು. ಚಪ್ಪಟೆ, ಹತ್ತು ಗುಂಡು ಹಿಡಿಸುತ್ತದೆ, ಅಂಗಿಯ ಅಡಿಯಲ್ಲಿ ಉಬ್ಬಿ ಕಾಣುವುದಿಲ್ಲ. ನಿಜವಾಗಿ ಇಂದು ಹೆಚ್ಚಿನವರು ಕೊಳ್ಳುವುದು ಇದನ್ನೇ ಎಂದ. ಆದರೆ ಹಾಸಿಗೆ ಎತ್ತಿ ಎತ್ತಿ ಭಾವನ ಬಲ ಮಣಿಕಟ್ಟು ಹೋಗಿದೆ; ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆಯುವಾಗ ಹಲ್ಲು ಕಚ್ಚಿದರು. ಪಿಸ್ತೂಲಿನಲ್ಲಿ ಗುಂಡು ಸಿಡಿಯದಿದ್ದರೆ ಅದನ್ನು ಎಳೆದು ತೆಗೆಯಬೇಕು. ರಿವಾಲ್ವರ್‌ನಲ್ಲಿ ಮತ್ತೊಮ್ಮೆ ಟ್ರಿಗರ್ ಎಳೆದರೆ ಸಾಕು, ಗುಂಡು ತುಂಬಿದ ಸಿಲಿಂಡರ್ ತಿರುಗಿ ಮುಂದಿನ ಗುಂಡು ಬರುತ್ತದೆ. ಬೆಲೆ ತೆರಬೇಕಾದದ್ದು ಬೇರೆ ಕಡೆ: ಐದೇ ಗುಂಡು, ದಪ್ಪ ಸಿಲಿಂಡರ್, ಖಾಲಿಯಾದರೆ ಮತ್ತೆ ತುಂಬಲು ಹೊತ್ತು ಹಿಡಿಯುತ್ತದೆ.

ಆಮೇಲೆ ರಬ್ಬರ್ ಹಾಸಿನ ಮೇಲೆ ಮೂರು ರಿವಾಲ್ವರ್‌ ಇಟ್ಟ. ಸ್ಮಿತ್ ಆ್ಯಂಡ್ ವೆಸನ್ 642, ಅಲ್ಯೂಮಿನಿಯಂ ಮಿಶ್ರಲೋಹದ ಚೌಕಟ್ಟು, ಸುಮಾರು 410 ಗ್ರಾಂ. ಈ ಅಳತೆಯ ಚೌಕಟ್ಟನ್ನು ಆ ಕಂಪನಿ 1950ರಿಂದ ಮಾಡುತ್ತಿದೆ. ಪಕ್ಕದಲ್ಲಿ ರೂಗರ್ ಕಂಪನಿಯ ಎಲ್‌ಸಿಆರ್, 2009ರಲ್ಲಿ ಬಂದದ್ದು, ಹಿಡಿಯ ಮೇಲಿನ ಭಾಗವೂ ಪ್ಲಾಸ್ಟಿಕ್ ಜಾತಿಯದು, 380 ಗ್ರಾಂ ಚಿಲ್ಲರೆ. ಮೂರನೆಯದು ಪೂರ್ತಿ ಉಕ್ಕಿನ ಸ್ಮಿತ್ 640, ಆರುನೂರು ಗ್ರಾಂ ದಾಟಿದ್ದು. ಮೂರಕ್ಕೂ ಹ್ಯಾಮರ್ ಒಳಗೇ ಅಡಗಿದೆ, ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಮೂರರಲ್ಲೂ ಬೆರಳಿನಿಂದ ಸರಿಸುವ ಸುರಕ್ಷತೆಯ ಗುಂಡಿ ಇಲ್ಲ; ಟ್ರಿಗರ್ ಎಳೆಯಲು ಸುಮಾರು ಐದು ಕಿಲೋ ತೂಕದಷ್ಟು ಬಲ ಬೇಕಾಗುವುದೇ ಸುರಕ್ಷತೆ.

ಭಾವನ ಗೆಳೆಯರೊಬ್ಬರಿದ್ದಾರೆ, ಮನೆಯಲ್ಲಿ ಬಂದೂಕುಗಳ ಬೀರುವನ್ನೇ ಇಟ್ಟುಕೊಂಡವರು. 38ಕ್ಕಿಂತ ಜೋರಾದ 357 ಮ್ಯಾಗ್ನಂ ಗುಂಡಿಗಿಂತ ಕಡಿಮೆಯದನ್ನು ಹಿಡಿದರೆ ಗಂಡಸುತನಕ್ಕೆ ಕುಂದು ಎಂಬ ಧಾಟಿಯಲ್ಲಿ ಅವರು ಉಪದೇಶಿಸುವುದನ್ನು ನಾನು ಕೇಳಿದ್ದೇನೆ. ಗೃಹಪ್ರವೇಶ, ಉಪನಯನ ಯಾವುದಕ್ಕೆ ಹೋದರೂ ಇದೇ ಮಾತು. ಅವರು ಕೂರುವುದು ಹವಾನಿಯಂತ್ರಿತ ಕಚೇರಿಯಲ್ಲಿ, ಗುರುತಿನ ಚೀಟಿ ತೋರಿಸದೆ ಒಳಗೆ ನೊಣವೂ ಬರುವುದಿಲ್ಲ. ಭಾವ ಆ ಗೆಳೆಯರ ಮಾತನ್ನು ಎತ್ತಿದಾಗ ಮುದುಕ ವಾದಿಸಲಿಲ್ಲ. ಗುರಿ ಹೊಡೆಯುವ ಕೋಣೆಗೆ ಕರೆದುಕೊಂಡು ಹೋಗಿ, ಬಾಡಿಗೆಯ ಹಗುರ ರಿವಾಲ್ವರ್ ಒಂದಕ್ಕೆ ಮ್ಯಾಗ್ನಂ ತುಂಬಿ ಕೊಟ್ಟ. ಎಡಗೈ ಹೆಬ್ಬೆರಳನ್ನು ಮುಂದಕ್ಕೆ ಚಾಚಬೇಡಿ, ಸಿಲಿಂಡರ್ ಮತ್ತು ನಳಿಕೆಯ ನಡುವಿನ ಸಂದಿಯಿಂದ ಬಿಸಿ ಅನಿಲ ಚಿಮ್ಮುತ್ತದೆ ಎಂದು ಬೆರಳನ್ನು ಸರಿಪಡಿಸಿದ. ಗಾಜಿನ ಆಚೆ ನಿಂತ ನಮಗೆ ಕಿವಿಗೆ ರಕ್ಷಣೆ ಹಾಕಿಕೊಂಡರೂ ಎದೆಯೊಳಗೆ ಹೊಡೆದಂತಾಯಿತು. ಭಾವ ಎರಡನೆಯ ಗುಂಡಿಗೇ ಸಾಕು ಎಂದು ಕೈ ಎತ್ತಿದರು. ಗುರಿಯ ಕಾಗದಕ್ಕೆ ಒಂದೂ ತಗುಲಿರಲಿಲ್ಲ.

ಹಗುರವಾದಷ್ಟೂ ಒದೆತ ಹೆಚ್ಚು, ಭಾರವಾದಷ್ಟೂ ಒದೆತ ಕಡಿಮೆ. ಉಕ್ಕಿನದರಲ್ಲಿ ಸಾಮಾನ್ಯ 38 ತುಂಬಿದಾಗ ಭಾವ ಏಳು ಗಜದಿಂದ ಐದಕ್ಕೆ ಐದೂ ಕಾಗದದ ಎದೆಗೆ ಹೊಡೆದರು. ಮುಖ ಅರಳಿತು. ಇದೇ ಇರಲಿ ಎಂದರು. "ಬಟ್ಟೆಯ ಗಂಟು ಎತ್ತುತ್ತೀರಿ ಎಂದಿರಲ್ಲ" ಎಂದ ಮುದುಕ. ವಾರ ಕಳೆಯುವುದರೊಳಗೆ ಭಾರವಾಯಿತೆಂದು ನೀವು ಅದನ್ನು ಡ್ರಾಯರ್‌ನಲ್ಲಿ ಇಡುತ್ತೀರಿ, ಡ್ರಾಯರ್‌ನಲ್ಲಿದ್ದರೆ ಅದು ಡ್ರಾಯರ್ ತೆರೆದವನದು ಎಂದ. ಜೇಬಿನ ಹೋಲ್‌ಸ್ಟರ್ (ರಿವಾಲ್ವರ್ ಇಡುವ ಚೀಲ) ಬೇಕೆಂದಾಗಲೂ ದಿನಚರಿಯನ್ನೇ ಎದುರಿಟ್ಟ: ಸ್ಟೂಲಿನ ಮೇಲೆ ಕೂತವನ ಜೇಬಿನಿಂದ ಅದು ಸುಲಭವಾಗಿ ಹೊರಬರುವುದಿಲ್ಲ, ಕೂತು ತೆಗೆದು ನೋಡಿ. ಭಾವ ಕೂತು ನೋಡಿದರು. ಬರಲಿಲ್ಲ. ಕೊನೆಗೆ 642, ಒದೆತ ಕಡಿಮೆ ಇರುವ, ಮೂತಿ ಚಪ್ಪಟೆಯಾದ ವಾಡ್‌ಕಟರ್ ಗುಂಡು, ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್, ಪ್ಯಾಂಟಿನ ಒಳಬದಿಗೆ. ಇನ್ನು ಅಂಗಿಯನ್ನು ಹೊರಗೆ ಬಿಡಬೇಕು. ಇಸ್ತ್ರಿ ಮಾಡಿದ ಅಂಗಿಯನ್ನು ಒಳಗೆ ಸೇರಿಸಿ ಬೆಲ್ಟ್ ಬಿಗಿಯದೆ ಮನೆಯ ಹೊಸಿಲು ದಾಟದ ಮನುಷ್ಯ ನಮ್ಮ ಭಾವ.

ಬಂದೂಕು ಕೊಳ್ಳುವವರು ತುಂಬಬೇಕಾದ ಕೇಂದ್ರದ 4473 ನಮೂನೆಯನ್ನು ಭಾವ ತುಂಬುತ್ತಿದ್ದಾಗ ಅಕ್ಕ ಮುದುಕನಿಗೆ ಆ ಮೊಟೆಲ್ ಕೊಲೆಯ ವಿಷಯ ಹೇಳಿದಳು. ಆತನಿಗೆ ಗೊತ್ತಿತ್ತು. ಟೋಪಿ ತೆಗೆದು ತಲೆ ಕೆರೆದುಕೊಂಡ. ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ ಎಂಬುವರು 1983ರಲ್ಲಿ ಒಂದು ಲೆಕ್ಕ ಬರೆದರು, ಚಾಕು ಹಿಡಿದವನು 21 ಅಡಿ ದೂರವನ್ನು ಒಂದೂವರೆ ಸೆಕೆಂಡಿನಲ್ಲಿ ಓಡಿ ದಾಟುತ್ತಾನೆ, ಪಳಗಿದ ಪೊಲೀಸನೂ ಅಷ್ಟರಲ್ಲಿ ಬಂದೂಕು ತೆಗೆದು ಹೊಡೆಯುವುದು ಕಷ್ಟ ಎಂದ. ಕೌಂಟರಿನಿಂದ ಬಾಗಿಲ ಕಡೆಗೆ ಹೆಜ್ಜೆ ಹಾಕಿ 21 ಅಡಿ ಎಂದರೆ ಎಷ್ಟು ಎಂದು ತೋರಿಸಿದ. "ನಿಮ್ಮ ಬಾಗಿಲಿನಿಂದ ಸ್ಟೂಲಿಗೆ ಎಷ್ಟು?" ಭಾವ ಪೆನ್ನು ನಿಲ್ಲಿಸಿ ಯೋಚಿಸಿದರು. "ಹನ್ನೆರಡಿರಬಹುದು." "ನಡುವೆ ಗಾಜು ಇದೆಯೇ?" "ಇಲ್ಲ."

ಬಂದೂಕು ಮಾರುವವನೇ ಗಾಜಿನ ವಿಷಯ ಎತ್ತಿದನಲ್ಲ ಎಂಬುದು ನನ್ನನ್ನು ಕೊರೆಯುತ್ತಿದೆ. ಬಂದೂಕಿನ ಅಂಗಡಿಯವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಐನೂರು ಡಾಲರಿನ ಆಸುಪಾಸಿನ ಬೆಲೆಗೆ, ಸೊಪ್ಪಿನ ಅಂಗಡಿಯಲ್ಲಿ ನಿಂತಷ್ಟು ಹೊತ್ತಿನಲ್ಲಿ, ಕೊಲ್ಲುವ ವಸ್ತು ಕೈಗೆ ಬರುವ ವ್ಯವಸ್ಥೆಯನ್ನು ನಾನು ಒಪ್ಪುವವಳಲ್ಲ, ಈಗಲೂ ಒಪ್ಪಿಲ್ಲ. ಆದರೆ ಭಾವ ಇಲ್ಲಿಗೆ ಬಂದಾಗಿನಿಂದ ಅವರ ದಿನ ಹೇಗೆ ಕಳೆಯುತ್ತದೆ ಎಂದು ಎದುರು ನಿಲ್ಲಿಸಿ ಕೇಳಿದವನು ಆತನೊಬ್ಬನೇ. ನಾವು ಕೇಳುತ್ತಿದ್ದುದು ಊಟವಾಯಿತೇ, ಎಷ್ಟು ಹೊತ್ತಿಗೆ ಬರುತ್ತೀರಿ, ಅಷ್ಟೇ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ "ಎಲ್ಲಿ ಕೆಲಸ?" ಎಂದು ಕೇಳಿದವರು "ಮೊಟೆಲ್" ಎಂಬ ಉತ್ತರ ಬಂದೊಡನೆ ಮಾತು ತಿರುಗಿಸುವುದನ್ನು ನಾನೇ ನೋಡಿದ್ದೇನೆ. ಭಾಷಣ ಬಿಗಿಯುವವರ ಅಮೆರಿಕದಲ್ಲಿ ಕನ್ನಡಿಗರೆಲ್ಲ ಸಾಫ್ಟ್‌ವೇರ್‌ನವರು. ರಾತ್ರಿ ಎರಡು ಗಂಟೆಗೆ ಬಾಗಿಲ ಪಕ್ಕ ಒತ್ತಿ ನಿಂತು ತಟ್ಟುವ ಕನ್ನಡಿಗನಿಗೆ ಆ ವೇದಿಕೆಯ ಮೇಲೆ ಜಾಗವಿಲ್ಲ, ಕತ್ತು ಕೊಯ್ಸಿಕೊಂಡ ಮೇಲೆ ಶ್ರದ್ಧಾಂಜಲಿ ಸಭೆಯಲ್ಲಿ ಮಾತ್ರ.

ಎಫ್‌ಬಿಐ ನಡೆಸುವ, ಕೊಳ್ಳುವವರ ಪೂರ್ವಾಪರದ ತನಿಖೆಯ ವಿಷಯದಲ್ಲಿ ಲೈಸೆನ್ಸ್ ಇದ್ದವರಿಗೆ ಟೆಕ್ಸಸ್‌ನಲ್ಲಿ ರಿಯಾಯಿತಿ ಇರುವುದರಿಂದ ವ್ಯಾಪಾರ ಬೇಗ ಮುಗಿಯಿತು. ಕಾನೂನಿನ ಪ್ರಕಾರ ಜೊತೆಗೊಂದು ಬೀಗ ಕೊಟ್ಟರು. ಅದು ಸಾಲದೆಂದು ಅಕ್ಕ ಗೋಡೆಗೆ ಮೊಳೆ ಹೊಡೆದು ಕೂರಿಸುವ ಉಕ್ಕಿನ ಪೆಟ್ಟಿಗೆಯನ್ನೂ ತೆಗೆದುಕೊಂಡಳು, ಮನೆಯಲ್ಲಿ ಹುಡುಗನಿದ್ದಾನೆ.

ವಾಪಸು ಬರುವಾಗ ಅಕ್ಕ ಫೋನಿನ ವಿಷಯ ಎತ್ತಲಿಲ್ಲ. ಎತ್ತುತ್ತಾಳೆ ಎಂದು ನಾನು ಕಾದೆ. ಅವಳು ಕೇಳಿದ್ದು ಬೇರೆ.

"ಗಾಜು ಹಾಕಿಸಿ ಎಂದು ಮಾಲೀಕರಿಗೆ ಹೇಳಿದ್ದೀರಾ?"

"ಹೇಳಿದ್ದೇನೆ. ಎರಡು ವರ್ಷದಿಂದ ನೋಡೋಣ ಎನ್ನುತ್ತಾರೆ."

"ರಿವಾಲ್ವರ್ ಇಟ್ಟುಕೊಳ್ಳುತ್ತೇನೆ ಎಂದದ್ದಕ್ಕೆ?"

"ಅದಕ್ಕೆ ಒಡನೆ ಒಪ್ಪಿದರು."

ಒಪ್ಪದೆ ಏನು, ಗಾಜಿನ ಖರ್ಚು ಅವರದು, ರಿವಾಲ್ವರಿನದು ಭಾವನದು. ರಾತ್ರಿಗೆ ಇನ್ನೊಬ್ಬ ಆಳು ಇಟ್ಟರೆ ತಿಂಗಳು ತಿಂಗಳೂ ಸಂಬಳ ಎಣಿಸಬೇಕು. ಭಾವನ ಸೊಂಟದ ಐದು ಗುಂಡಿಗೆ ಯಾರೂ ಏನೂ ಎಣಿಸಬೇಕಿಲ್ಲ.

ನಿನ್ನೆ ಸಂಜೆ ಅಕ್ಕ ನನ್ನನ್ನು ಕರೆಸಿ, ಮಾಲೀಕರಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿದಳು. ಗಾಜು, ಲಾಂಡ್ರಿ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ, ರಾತ್ರಿಗೆ ಇನ್ನೊಬ್ಬರು. ಚಾಕುವಿನ ಘಟನೆಯ ತಾರೀಖನ್ನೂ ಸೇರಿಸು ಎಂದಳು. ಭಾವ ಅಡುಗೆಮನೆಯ ಬಾಗಿಲಲ್ಲಿ ಅಂಗಿ ಹೊರಗೆ ಬಿಟ್ಟುಕೊಂಡು, ಬೇರೆಯವರ ಬಟ್ಟೆ ತೊಟ್ಟವರಂತೆ ನಿಂತಿದ್ದರು.

"ಮಾಲೀಕರಿಗೆ ಬೇಸರವಾಗುತ್ತದೆ ಕಣೇ" ಎಂದರು.

"ಆಗಲಿ" ಎಂದಳು ಅಕ್ಕ.