ನೆಲ್ ಇನ್ನೂ ಪೂರ್ತಿ ಕಲಿತಿರಲಿಲ್ಲ, ಸ್ಪರ್ಧೆಗೆ ಯಾಕೆ ಇಳಿಸಿದೆ?

ವೇಲ್ಸ್‌ನಲ್ಲಿ ಮೂರು ವರ್ಷ ಆಸ್ಪತ್ರೆ ಕೆಲಸ ಮಾಡಿ ಗದಗಿಗೆ ವಾಪಸ್ ಬಂದಿದ್ದೇನೆ. ಅಲ್ಲಿನ ಆಸ್ಪತ್ರೆ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಫೋನಿನಲ್ಲಿರುವ ನನ್ನ ಕಪ್ಪು-ಬಿಳಿ ನಾಯಿ ನೆಲ್‌ಳ ಫೋಟೊ ಕಂಡರೆ ಮಾತ್ರ ಮಾತು ಶುರುವಾಗುತ್ತದೆ. ಹುಬ್ಬಳ್ಳಿಯಲ್ಲಿ ನಾಯಿ ಸಾಕಿರುವ ಗೆಳೆಯರಿಂದ ಹಿಡಿದು ಶಿರಹಟ್ಟಿ ಕಡೆ ಕುರಿ ಮೇಯಿಸುವ ನಮ್ಮ ಕಾಕಾನವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ. ಕಾಕಾನ ಮಾತಲ್ಲೇ ಹೇಳುತ್ತೇನೆ: "ಅದಕ್ಕ ಇನ್ನೂ ಪೂರಾ ಬರ್ತಿರಲಿಲ್ಲ ಅಂತಿ. ಗೆಲ್ಲಂಗಿಲ್ಲ ಅಂತ ಗೊತ್ತಿತ್ತು. ಮತ್ತ ಯಾಕ ಪಂದ್ಯಕ್ಕ ಇಳಿಸಿದಿ? ಇನ್ನೊಂದ್ ವರ್ಷ ತಡೀಬೇಕಿತ್ತು."

ಕಾಕಾನಿಗೆ ಮೊದಲು ನಾಯಿಯಿಂದ ಕುರಿ ಅಟ್ಟಿಸುವ ಆ ಆಟವನ್ನೇ ವಿವರಿಸಬೇಕಾಯಿತು. ನಮ್ಮ ಕಡೆ ಕುರಿಗಾರ ಮುಂದೆ ನಡೆಯುತ್ತಾನೆ, ನಾಲಗೆಯಿಂದ ಸದ್ದು ಮಾಡುತ್ತಾನೆ, ಹಿಂಡು ಅವನ ಹಿಂದೆ ಬರುತ್ತದೆ. ನಾಯಿ ಇರುವುದು ರಾತ್ರಿ ಕಾವಲಿಗೆ. ಕಪ್ಪತಗುಡ್ಡದ ಸುತ್ತ ತೋಳ ಇನ್ನೂ ಇದೆ, ಹಾಗಾಗಿ ದೊಡ್ಡಿ ಹತ್ತಿರ ನಾಯಿ ಇಲ್ಲದೆ ಕಾಕಾ ಮಲಗುವುದೇ ಇಲ್ಲ. ಮೈಲಾರಲಿಂಗನ ಜೊತೆ ನಾಯಿಗೂ ಕೈ ಮುಗಿಯುವ ಜನ ನಾವು. ಆದರೆ ನಾಯಿಯೇ ಕುರಿ ಅಟ್ಟಿಕೊಂಡು ಬರುವುದನ್ನು ನಾನು ನೋಡಿದ್ದು ಅಲ್ಲಿಗೆ ಹೋದ ಮೇಲೆ.

ಅಲ್ಲಿ ಬಾರ್ಡರ್ ಕಾಲಿ ಎಂಬ ತಳಿಯ ನಾಯಿ ದೂರದಿಂದ ಸುತ್ತು ಹಾಕಿ ಕುರಿಗಳ ಹಿಂದೆ ಹೋಗಿ ನಿಲ್ಲುತ್ತದೆ. ಬೊಗಳುವುದಿಲ್ಲ, ಕಚ್ಚುವುದಿಲ್ಲ. ತಲೆ ತಗ್ಗಿಸಿ ಕಣ್ಣು ನೆಟ್ಟು ನೋಡುತ್ತದೆ. ಆ ನೋಟಕ್ಕೇ ಕುರಿ ಹೊರಡುತ್ತದೆ. ಈ ಕೆಲಸವನ್ನೇ ಸ್ಪರ್ಧೆ ಮಾಡಿದ್ದಾರೆ. ಬ್ರಿಟನ್ನಿನ ಮೊದಲ ಸ್ಪರ್ಧೆ ಎಂದು ಹೇಳುವುದು 1873ರ ಅಕ್ಟೋಬರ್‌ನಲ್ಲಿ ವೇಲ್ಸ್‌ನ ಬಾಲಾ ಊರಲ್ಲಿ ನಡೆದದ್ದನ್ನು. ಅಲ್ಲಿ ಗೆದ್ದದ್ದು ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನವನೊಬ್ಬನ ನಾಯಿ, ಟ್ವೀಡ್.

ಎಳೆ ನಾಯಿಗಳಿಗೆ ಚಳಿಗಾಲದಲ್ಲಿ ಬೇರೆಯೇ ಸ್ಪರ್ಧೆಗಳಿರುತ್ತವೆ. ನರ್ಸರಿ ಅನ್ನುತ್ತಾರೆ. ಮೈದಾನ ಚಿಕ್ಕದು, ಕೆಲಸ ಹಗುರ. ಹಿಂಡಿನಿಂದ ಒಂದೆರಡು ಕುರಿ ಬೇರೆ ಮಾಡುವಂಥ ಕಷ್ಟದ ಕೆಲಸವನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಎಲ್ಲರಿಗೂ ಶುರುವಿನಲ್ಲೇ ಪೂರ್ತಿ ಅಂಕ, ತಪ್ಪಿಗೆ ತಕ್ಕಂತೆ ಕಳೆಯುತ್ತಾ ಹೋಗುತ್ತಾರೆ. ನಾಯಿ ಸುತ್ತು ಹಾಕುವ ಓಟಕ್ಕೆ 20, ಕುರಿಗಳನ್ನು ಮೊದಲ ಹೆಜ್ಜೆ ಇಡಿಸುವುದಕ್ಕೆ 10, ನೇರ ಗೆರೆಯಲ್ಲಿ ನಮ್ಮ ಕಡೆ ತರುವುದಕ್ಕೆ 20. ಆ ಮೊದಲ ಹೆಜ್ಜೆಗೆ ಲಿಫ್ಟ್ ಅಂತ ಹೆಸರು. ನೋಡಲು ಕೆಲವೇ ಕ್ಷಣದ ಕೆಲಸ. ಆದರೆ ನಾಯಿ ಎಂಥದ್ದು ಅಂತ ಕುರಿ ತೀರ್ಮಾನ ಮಾಡುವುದು ಅಲ್ಲೇ.

ಪಕ್ಕದ ರೈತರೊಬ್ಬರು ಕೊಟ್ಟ ಮರಿ ನೆಲ್. ಎಡಕ್ಕೆ ಸುತ್ತು ಹಾಕಲು ಕಮ್ ಬೈ, ಬಲಕ್ಕೆ ಅವೇ, ಕೂರಲು ಲೈ ಡೌನ್, ಇವನ್ನೆಲ್ಲ ಅವರ ಭಾಷೆಯಲ್ಲೇ ಕಲಿಸಿದೆ. ಕೆಲಸ ಮುಗಿಸಿ ವಾಪಸ್ ಬಾ ಅನ್ನುವುದಕ್ಕೆ ಅಲ್ಲಿನವರು ದಟ್ ವಿಲ್ ಡೂ ಅನ್ನುತ್ತಾರೆ. ಅದೊಂದನ್ನು ಮಾತ್ರ ನಾನು ಕನ್ನಡದಲ್ಲಿ ಕಲಿಸಿದೆ. "ಸಾಕು, ಬಾ." ಸುಸ್ತಾದ ಸಂಜೆ ಬಾಯಿಂದ ತಾನಾಗಿ ಬಂದ ಮಾತು ಅದು, ಹಾಗೇ ಉಳಿಯಿತು.

ರೈತರ ಹೊಲದಲ್ಲಿ ನೆಲ್ ಚೆನ್ನಾಗಿಯೇ ಓಡುತ್ತಿದ್ದಳು. ಇಲ್ಲೇ ಇರುವುದು ಕಾಕಾನ ಪ್ರಶ್ನೆಗೆ ಉತ್ತರ. ಆ ಹೊಲದ ಕುರಿಗಳಿಗೆ ನಾಯಿ ಗೊತ್ತು, ಗೇಟು ಗೊತ್ತು, ಪಾಠವೂ ಗೊತ್ತು. ನೆಲ್ ಹಿಂದೆ ಬಂದಳು ಅಂದ ಕೂಡಲೇ ತಾವೇ ನನ್ನ ಕಡೆ ತಿರುಗುತ್ತಿದ್ದವು. ನಾಯಿ ಕಲಿತಿದೆ ಅಂತ ನಾನು ಅಂದುಕೊಂಡಿದ್ದೆ. ಅರ್ಧ ಕಲಿತಿದ್ದು ಕುರಿಗಳು! ಇನ್ನೊಂದು ವರ್ಷ ಅಲ್ಲೇ ಓಡಿಸಿದ್ದರೆ ಆ ಕುರಿಗಳು ಇನ್ನಷ್ಟು ಕಲಿಯುತ್ತಿದ್ದವು, ಅಷ್ಟೇ. ಗೊತ್ತಿಲ್ಲದ ಕುರಿ ಎದುರು ನಿಂತಾಗ ಏನು ಮಾಡಬೇಕು ಅನ್ನುವುದು ನೆಲ್‌ಗೂ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ.

ಮೊದಲ ಸ್ಪರ್ಧೆ ಡಿಸೆಂಬರ್‌ನ ಒಂದು ಬೆಳಿಗ್ಗೆ. ಹುಲ್ಲು ಒದ್ದೆ, ಗುಡ್ಡದ ಮೇಲೆ ತೆಳು ಮಂಜು. ನೆಲ್‌ಗೆ ಆಗ ಇಪ್ಪತ್ತು ತಿಂಗಳು. ನಮ್ಮ ಪಾಲಿಗೆ ನಾಲ್ಕು ಬೆಟ್ಟದ ಕುರಿಗಳು ಬಂದವು. ಚಿಕ್ಕ ಮೈ, ಬಿಳಿ ಮುಖ, ಚುರುಕು ಕಾಲು. ನಾಯಿ ಓಡಿಸುವವರು ನಿಲ್ಲಬೇಕಾದ ಕಂಬದ ಹತ್ತಿರ ನಿಂತು ಕಮ್ ಬೈ ಅಂದೆ. ಅವಳು ಒಳ್ಳೆ ಅಗಲವಾದ ಸುತ್ತು ಹಾಕಿ ಮೇಲೆ ಹೋದಳು. ಕುರಿಗಳ ಹಿಂದೆ ಸರಿಯಾದ ಜಾಗದಲ್ಲೇ ನಿಂತಳು. ಅಲ್ಲಿಯವರೆಗೆ ನಾನು ಬಯಸಿದ್ದಕ್ಕಿಂತ ಚೆನ್ನಾಗಿತ್ತು.

ಆಮೇಲೆ ಒಂದು ಕುರಿ ತಿರುಗಿ ನಿಂತಿತು. ಮುಂಗಾಲು ಎತ್ತಿ ನೆಲಕ್ಕೆ ಕುಟ್ಟಿತು. ನೆಲ್‌ಳ ಎದುರು ಯಾವ ಕುರಿಯೂ ಅದುವರೆಗೆ ಹಾಗೆ ಮಾಡಿರಲಿಲ್ಲ. ಅವಳು ನೆಲಕ್ಕೆ ಅಂಟಿಕೊಂಡಳು. ವಾಕ್ ಅಪ್, ಅಂದರೆ ಕುರಿಗಳ ಕಡೆ ನಡೆ, ಅಂದೆ. ಎರಡು ಹೆಜ್ಜೆ ಮುಂದೆ ಹೋದಳು. ಕುರಿಯೂ ಎರಡು ಹೆಜ್ಜೆ ನುಗ್ಗಿತು. ಅವಳು ಹಿಂದೆ ಸರಿದು, ಅಷ್ಟು ದೂರದಿಂದ ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನನ್ನ ಮುಂದೆ ಎರಡೇ ದಾರಿ ಇತ್ತು. ಅಲ್ಲಿಂದಲೇ ಕೂಗಿ ಕೂಗಿ ಮುಂದೆ ತಳ್ಳಬಹುದಿತ್ತು. ಆಗ ಒಂದೋ ಅವಳು ಹೆದರಿ ಬಿಟ್ಟು ಓಡಿಬರುತ್ತಿದ್ದಳು, ಇಲ್ಲ ಹೆದರಿಕೆಯಲ್ಲೇ ಕುರಿಯನ್ನು ಕಚ್ಚುತ್ತಿದ್ದಳು. ಸುಮ್ನೆ ಕಚ್ಚಿದರೆ ಅಲ್ಲಿಗೆ ಸ್ಪರ್ಧೆ ಮುಗಿಯಿತು, ಹೊರಗೆ ಕಳಿಸುತ್ತಾರೆ. ಅದಕ್ಕಿಂತ ಜಾಸ್ತಿ ಚಿಂತೆ ಏನೆಂದರೆ, ಕುರಿ ನನ್ನನ್ನು ಸೋಲಿಸಬಲ್ಲದು ಅನ್ನುವ ಪಾಠ ಎಳೆ ನಾಯಿಯ ತಲೆಯಲ್ಲಿ ಕೂತರೆ ತೆಗೆಯುವುದು ಬಹಳ ಕಷ್ಟ.

ನಾನು ಕಂಬ ಬಿಟ್ಟು ಹೊರಟೆ. ಕಂಬ ಬಿಟ್ಟರೆ ಸ್ಪರ್ಧೆ ಬಿಟ್ಟ ಹಾಗೆ. ತೀರ್ಪುಗಾರರಿಗೆ ಕೈ ಎತ್ತಿ ತೋರಿಸಿ, ನೇರ ಗುಡ್ಡ ಹತ್ತಿ ನೆಲ್‌ಳ ಪಕ್ಕ ನಿಂತೆ. ಅವಳ ಉಸಿರಿನ ಹಬೆ ಕಾಣುತ್ತಿತ್ತು. ಮೆಲ್ಲಗೆ ವಾಕ್ ಅಪ್ ಅಂದು ನಾನೂ ಒಂದು ಹೆಜ್ಜೆ ಇಟ್ಟೆ. ಅವಳು ಇಟ್ಟಳು. ನಾನು ಇನ್ನೊಂದು ಇಟ್ಟೆ. ಕಾಲು ಕುಟ್ಟುತ್ತಿದ್ದ ಕುರಿ ಒಂದು ಕ್ಷಣ ನೋಡಿ, ಮುಖ ತಿರುಗಿಸಿ, ಉಳಿದ ಮೂರರ ಜೊತೆ ಇಳಿಯತೊಡಗಿತು. ನಾನು ನಿಂತುಬಿಟ್ಟೆ. ಕೆಳಗಿನವರೆಗೆ ಅವಳೊಬ್ಬಳೇ ತಂದಳು. "ಸಾಕು, ಬಾ" ಅಂದಾಗ ಓಡಿಬಂದು ನನ್ನ ಮೊಣಕಾಲಿಗೆ ಮೈ ಒರಗಿಸಿ ನಿಂತಳು.

ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ಅಂಕ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅಂಕವೂ ಅಲ್ಲ. ಕುರಿ ತಿರುಗಿ ನಿಂತರೂ ಕೊನೆಗೆ ಹೊರಡುತ್ತದೆ, ನನ್ನ ಜೊತೆಯವರು ನನ್ನನ್ನು ಬಿಟ್ಟುಕೊಡುವುದಿಲ್ಲ, ಈ ಎರಡು ವಿಷಯ ಅವಳಿಗೆ ಆ ದಿನ ಗೊತ್ತಾಯಿತು. ಮನೆ ಹೊಲದಲ್ಲಿ ಹತ್ತು ವರ್ಷ ಓಡಿಸಿದರೂ ಇದನ್ನು ಕಲಿಸಲು ಆಗುತ್ತಿರಲಿಲ್ಲ. ಅದಕ್ಕೇ ಕರೆದುಕೊಂಡು ಹೋದೆ.

ಹಾಗಂತ ಯಾವ ನಾಯಿಯನ್ನಾದರೂ ಇಳಿಸಿಬಿಡಿ ಅಂತ ನಾನು ಹೇಳುವುದಿಲ್ಲ. ದೂರದಲ್ಲಿದ್ದಾಗ ನಿಲ್ಲು ಅಂದರೆ ನಿಲ್ಲಬೇಕು, ಕರೆದರೆ ಕುರಿ ಬಿಟ್ಟು ಬರಬೇಕು. ಇವೆರಡು ಇಲ್ಲದ ನಾಯಿಯನ್ನು ಬೇರೆಯವರ ಕುರಿಗಳ ಮೇಲೆ ಬಿಡುವುದು ತಪ್ಪು. ಆ ಕುರಿಗಳ ಹೊಟ್ಟೆಯಲ್ಲಿ ಮರಿ ಇರಬಹುದು, ಓಡಿಸಿ ಸುಸ್ತು ಮಾಡಬಾರದು. ಎಡ-ಬಲ ಸ್ವಲ್ಪ ತಪ್ಪಿದರೆ, ಗೆರೆ ಸೊಟ್ಟಗಾದರೆ ನಡೆಯುತ್ತದೆ. ಅದು ಓಡುತ್ತಾ ಓಡುತ್ತಾ ಸರಿಹೋಗುತ್ತದೆ.

ನಾಲ್ಕು ವಾರ ಬಿಟ್ಟು ಇನ್ನೊಂದು ಊರಲ್ಲಿ ಇಳಿಸಿದೆ. ಲಿಫ್ಟ್‌ಗೆ 10ರಲ್ಲಿ 8 ಬಂತು. ಕೊನೆಗೆ ದೊಡ್ಡಿಗೆ ತುಂಬುವ ಕೆಲಸ. ಗೇಟಿಗೆ ಕಟ್ಟಿದ ಹಗ್ಗವನ್ನು ನಾವು ಕೈಬಿಡುವ ಹಾಗಿಲ್ಲ, ಉಳಿದದ್ದೆಲ್ಲ ನಾಯಿಯದ್ದು. ಮೂರು ಕುರಿ ಒಳಗೆ ಹೋದವು, ನಾಲ್ಕನೆಯದು ಬಾಗಿಲಲ್ಲೇ ತಿರುಗಿ ನಿಂತಿತು. ನೆಲ್ ನನ್ನ ಕಡೆ ನೋಡಲೇ ಇಲ್ಲ. ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದಳು, ಕುರಿ ಒಳಗೆ ಹೋಯಿತು.

ಊರಿಗೆ ಬರುವಾಗ ಅವಳನ್ನು ಆ ರೈತರ ಹತ್ತಿರವೇ ಬಿಟ್ಟು ಬಂದೆ. ಅವಳಿಗೆ ಕುರಿ ಬೇಕು, ಗುಡ್ಡ ಬೇಕು, ಚಳಿ ಬೇಕು. ಗದಗಿನ ಏಪ್ರಿಲ್ ಬಿಸಿಲಲ್ಲಿ ಮನೆಯೊಳಗೆ ಕಟ್ಟಿಹಾಕಲು ನನಗೆ ಮನಸ್ಸಾಗಲಿಲ್ಲ.

ಮೊನ್ನೆ ಸುಗ್ಗಿ ಮುಗಿದ ಹೊಲದಲ್ಲಿ ಕಾಕಾ ಕುರಿ ತರುಬಿಸಿದ್ದರು. ಕತ್ತಲಾಗುವ ಹೊತ್ತಿಗೆ ಹೋಗಿ, ಬಲೆ ಕಟ್ಟುತ್ತಿದ್ದವರ ಪಕ್ಕ ಕೂತು, ಆ ಬೆಳಗಿನ ಕಥೆಯನ್ನು ಮೊದಲಿಂದ ಹೇಳಿದೆ. ಅವರು ಗೂಟ ಬಡಿಯುವುದನ್ನು ನಿಲ್ಲಿಸಿ ಒಂದೇ ಮಾತು ಕೇಳಿದರು. "ಕುರಿ ಕಾಲು ಕುಟ್ಟಿದಾಗ ನಿನ್ನ ನಾಯಿ ಬಾಲ ಎಲ್ಲಿತ್ತು?"

ಕೆಳಗೇ ಇತ್ತು, ಕಾಲ ನಡುವೆ ಹೋಗಿರಲಿಲ್ಲ, ಮೇಲೂ ಎದ್ದಿರಲಿಲ್ಲ ಅಂದೆ.

"ಹಂಗಾರ ಚಲೋ ಮಾಡಿದಿ," ಅಂದು ಮುಂದಿನ ಗೂಟಕ್ಕೆ ಹೋದರು.