ರೋಗ ತಿಳಿಯದೆ ಮದ್ದಿಲ್ಲ: ಕ್ಷೀಣಿಸುತ್ತಿರುವ ಜೀವಪ್ರಭೇದಗಳ ಬಗ್ಗೆ

ಸಸ್ಯ ಮತ್ತು ಪ್ರಾಣಿ ಪ್ರಭೇದಗಳು ಏಕೆ ಕಡಿಮೆಯಾಗುತ್ತಿವೆ ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳಿಂದ ಹಿಡಿದು ಅಂತರರಾಷ್ಟ್ರೀಯ ವರದಿಗಳವರೆಗೆ ಹೆಚ್ಚುಕಡಿಮೆ ಒಂದೇ ಉತ್ತರ ಸಿಗುತ್ತದೆ. ಜೀವವೈವಿಧ್ಯದ ಅಂತರಸರ್ಕಾರಿ ವೇದಿಕೆಯಾದ ಐಪಿಬಿಇಎಸ್ 2019ರಲ್ಲಿ ಸುಮಾರು 10 ಲಕ್ಷ ಪ್ರಭೇದಗಳು ಅಳಿವಿನ ಅಂಚಿನತ್ತ ಸಾಗುತ್ತಿವೆ ಎಂದು ಅಂದಾಜಿಸಿ, ಅದಕ್ಕೆ ಐದು ನೇರ ಕಾರಣಗಳನ್ನು ಹೆಸರಿಸಿತು: ನೆಲ ಮತ್ತು ಸಮುದ್ರದ ಬಳಕೆಯಲ್ಲಾದ ಬದಲಾವಣೆ, ಬೇಟೆ ಮತ್ತು ಅತಿಬಳಕೆ, ಹವಾಮಾನ ಬದಲಾವಣೆ, ಮಾಲಿನ್ಯ, ಹೊರಗಿನಿಂದ ಬಂದು ಹಬ್ಬುವ ಆಕ್ರಮಣಕಾರಿ ಜೀವಿಗಳು. ಈ ಪಟ್ಟಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಐದೂ ಕಾರಣಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವರು ಪರಿಹಾರವನ್ನೂ ಹಾಗೆಯೇ ಹೇಳಿಬಿಡುತ್ತಾರೆ: ಗಿಡ ನೆಡಿ, ಜಾಗೃತಿ ಮೂಡಿಸಿ, ಪ್ರಕೃತಿಯನ್ನು ಪ್ರೀತಿಸಿ. ಒಂದೊಂದು ಪ್ರಭೇದವನ್ನು ಕೊಲ್ಲುತ್ತಿರುವುದು ನಿರ್ದಿಷ್ಟವಾಗಿ ಯಾವುದು ಎಂದು ಪತ್ತೆಹಚ್ಚುವವರೆಗೆ ಈ ಯಾವ ಮಾತಿನಿಂದಲೂ ಪ್ರಯೋಜನವಿಲ್ಲ.

ದಕ್ಷಿಣ ಏಷ್ಯಾದ ರಣಹದ್ದುಗಳನ್ನೇ ನೋಡಬಹುದು. 1990ರ ದಶಕದಲ್ಲಿ ಅವು ಸಾಯತೊಡಗಿದಾಗ ಮರಗಳು ಉಳಿದಿದ್ದವು, ಆಹಾರಕ್ಕೆ ಕೊರತೆಯಿರಲಿಲ್ಲ, ಯಾರೂ ಅವುಗಳನ್ನು ಬೇಟೆಯಾಡುತ್ತಿರಲಿಲ್ಲ. ಆದರೂ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಒಂದೂವರೆ ದಶಕದೊಳಗೆ ಶೇಕಡ 99ಕ್ಕಿಂತ ಹೆಚ್ಚು ಕುಸಿಯಿತು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಒಳಗಿನ ಅಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿ ಹರಳುಗಳು ಸುಣ್ಣ ಬಳಿದಂತೆ ಕೂತಿದ್ದವು. ಮೂತ್ರಪಿಂಡ ಕೆಲಸ ನಿಲ್ಲಿಸಿತ್ತು. ವೈರಾಣು ಇರಬಹುದು, ಕೀಟನಾಶಕ ಇರಬಹುದು ಎಂದು ವರ್ಷಗಟ್ಟಲೆ ಅನುಮಾನಪಟ್ಟ ಮೇಲೆ, 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಅಧ್ಯಯನವೊಂದು ಡೈಕ್ಲೋಫೆನಾಕ್ ಎಂಬ ನೋವುನಿವಾರಕದತ್ತ ಬೆರಳು ತೋರಿತು. ಜಾನುವಾರುಗಳಿಗೆ ಕೊಟ್ಟ ಔಷಧ ಅವು ಸತ್ತ ಮೇಲೆ ಹದ್ದುಗಳ ಹೊಟ್ಟೆ ಸೇರುತ್ತಿತ್ತು. ಒಂದೇ ಕಳೇಬರಕ್ಕೆ ಹತ್ತಾರು ಹದ್ದುಗಳು ಎರಗುವುದರಿಂದ, ನೂರರಲ್ಲಿ ಒಂದು ಕಳೇಬರಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ ವಿಷವಿದ್ದರೂ ಇಡೀ ಸಂತತಿ ಕುಸಿಯಲು ಸಾಕಾಗುತ್ತಿತ್ತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಆ ನಷ್ಟವನ್ನು ತುಂಬಿಕೊಳ್ಳುವುದು ಹೇಗೆ ಸಾಧ್ಯ?

ಇಲ್ಲಿ ಲಕ್ಷ ಗಿಡ ನೆಟ್ಟಿದ್ದರೂ ಒಂದು ಹದ್ದು ಉಳಿಯುತ್ತಿರಲಿಲ್ಲ. ಉಳಿಸಿದ್ದು, ಅಥವಾ ಕನಿಷ್ಠ ಕುಸಿತವನ್ನು ತಡೆದದ್ದು, ಒಂದು ಆಡಳಿತಾತ್ಮಕ ನಿರ್ಧಾರ. ಭಾರತ, ನೇಪಾಳ ಮತ್ತು ಪಾಕಿಸ್ತಾನಗಳು 2006ರಲ್ಲಿ ಪಶುವೈದ್ಯಕೀಯ ಡೈಕ್ಲೋಫೆನಾಕ್ ಅನ್ನು ನಿಷೇಧಿಸಿದವು. ಹದ್ದುಗಳಿಗೆ ಹಾನಿ ಮಾಡದ ಮೆಲಾಕ್ಸಿಕ್ಯಾಮ್ ಬದಲಿಯಾಗಿ ಸಿಕ್ಕಿತು. ಅಷ್ಟಾದರೂ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಹಿಂಬಾಗಿಲಿನಿಂದ ಕೊಟ್ಟಿಗೆ ಸೇರುತ್ತಲೇ ಇದ್ದವು. 2015ರಲ್ಲಿ ಭಾರತ ಆ ಚುಚ್ಚುಮದ್ದನ್ನು 3 ಮಿಲಿಲೀಟರಿನ ಸಣ್ಣ ಸೀಸೆಗೆ ಸೀಮಿತಗೊಳಿಸಬೇಕಾಯಿತು. ಪ್ರಭೇದ ಸಂರಕ್ಷಣೆಯ ನಿಜವಾದ ಕೆಲಸ ಬಹುಪಾಲು ಹೀಗೆಯೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯ: ಸೀಸೆಯ ಗಾತ್ರದಂಥ ನೀರಸ ವಿವರಗಳ ಬೆನ್ನು ಹತ್ತುವುದು. ಡಿಡಿಟಿ ಎಂಬ ಕೀಟನಾಶಕವನ್ನು 1972ರಲ್ಲಿ ನಿಷೇಧಿಸಿದ ಮೇಲೆ ಅಮೆರಿಕದ ಬೋಳುಹದ್ದು ಚೇತರಿಸಿಕೊಂಡದ್ದೂ, 1986ರಿಂದ ವಾಣಿಜ್ಯ ತಿಮಿಂಗಿಲ ಬೇಟೆಗೆ ತಡೆ ಬಿದ್ದ ಮೇಲೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಹೆಚ್ಚಿದ್ದೂ ಇದೇ ಬಗೆಯ ಗೆಲುವುಗಳು. ಕಾರಣ ಒಂದೇ ಆಗಿದ್ದರೆ, ಅದನ್ನು ತೆಗೆದರೆ ಜೀವಿ ತಾನಾಗಿಯೇ ಮರಳುತ್ತದೆ.

ಕಷ್ಟವಿರುವುದು ಪಟ್ಟಿಯ ಮೊದಲ ಕಾರಣದಲ್ಲಿ. ನೆಲವೇ ಹೋದಾಗ ನಿಷೇಧಿಸುವುದಕ್ಕೆ ಯಾವ ಔಷಧವೂ ಇರುವುದಿಲ್ಲ. ಮಂಜುಗಡ್ಡೆಯಿಲ್ಲದ ಭೂಭಾಗದಲ್ಲಿ ಮುಕ್ಕಾಲು ಪಾಲನ್ನು ಮನುಷ್ಯ ಗಣನೀಯವಾಗಿ ಬದಲಿಸಿದ್ದಾನೆ. ಉಳಿದ ಕಾಡು ತುಂಡುತುಂಡಾದಾಗ ಒಳಗಿನ ಜೀವಿಗಳು ಅಂದೇ ಸಾಯುವುದಿಲ್ಲ, ವಿಶೇಷವಾಗಿ ಮರಗಳು. ಪರಾಗಸ್ಪರ್ಶ ಮಾಡುವ ಕೀಟವೋ ಬೀಜ ಒಯ್ಯುವ ಹಕ್ಕಿಯೋ ಇಲ್ಲವಾದ ಮೇಲೂ ಅವು ನೂರಾರು ವರ್ಷ ಹಸಿರಾಗಿಯೇ ನಿಂತಿರುತ್ತವೆ. ದಕ್ಷಿಣ ಆಫ್ರಿಕಾದ ಎನ್‌ಗೋಯೆ ಕಾಡಿನಲ್ಲಿ 1895ರಲ್ಲಿ ಪತ್ತೆಯಾದ ಎನ್ಸೆಫಲಾರ್ಟೋಸ್ ವುಡಿ ಎಂಬ, ತಾಳೆಯಂತೆ ಕಾಣುವ ಸೈಕಾಡ್ ಗಿಡ ಗಂಡು. ಇಂದು ಜಗತ್ತಿನ ಸಸ್ಯೋದ್ಯಾನಗಳಲ್ಲಿರುವ ಆ ಜಾತಿಯ ಗಿಡಗಳೆಲ್ಲ ಅದರ ಕಂದುಗಳಿಂದಲೇ ಬೆಳೆದವು. ಹೆಣ್ಣು ಗಿಡ ಈವರೆಗೂ ಸಿಕ್ಕಿಲ್ಲ. ಲೆಕ್ಕದ ಪ್ರಕಾರ ಪ್ರಭೇದ ಜೀವಂತವಾಗಿದೆ, ಆದರೆ ಅದರ ಸಂತಾನ ಮುಂದುವರಿಯುವ ದಾರಿಯಿಲ್ಲ. ಪ್ರಾಣಿಗಳ ಅವನತಿಗೆ ಸಿಗುವ ಗಮನದ ಕಾಲುಭಾಗವೂ ಸಸ್ಯಗಳಿಗೆ ಸಿಗದಿರುವುದಕ್ಕೆ ಈ ನಿಧಾನಗತಿಯೇ ಕಾರಣವಿರಬೇಕು.

ಹೊರಗಿನಿಂದ ಬರುವ ಜೀವಿಗಳ ವಿಷಯವನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಎರಡನೇ ಮಹಾಯುದ್ಧದ ನಂತರ ಸರಕಿನೊಂದಿಗೆ ಗ್ವಾಮ್ ದ್ವೀಪಕ್ಕೆ ಬಂದ ಕಂದು ಮರಹಾವು ಅಲ್ಲಿನ ಸ್ಥಳೀಯ ಕಾಡುಹಕ್ಕಿಗಳಲ್ಲಿ ಬಹುತೇಕ ಎಲ್ಲವನ್ನೂ ಮುಗಿಸಿತು. ಬೀಜ ಒಯ್ಯುವ ಹಕ್ಕಿಗಳಿಲ್ಲದೆ ಈಗ ಮರಗಳ ಮರುಹುಟ್ಟೂ ಕುಂಠಿತವಾಗಿದೆ. ಇಂಥ ಕಡೆ ಬಂದರಿನಲ್ಲಿ ನಡೆಯುವ ತಪಾಸಣೆಯೇ ಅಗ್ಗದ ಪರಿಹಾರ. ಒಮ್ಮೆ ಒಳನುಗ್ಗಿದ ಮೇಲೆ ಮಾಡುವುದೆಲ್ಲವೂ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಸೆರೆಯಲ್ಲಿ ಸಾಕಿ, ಮರಿ ಮಾಡಿಸಿ, ಮತ್ತೆ ಕಾಡಿಗೆ ಬಿಡುವ ಕಾರ್ಯಕ್ರಮಗಳು ಕಣ್ಣಿಗೆ ಸೊಗಸಾಗಿ ಕಾಣುತ್ತವೆ. ಅವನ್ನು ನಾನು ವಿರೋಧಿಸುವುದಿಲ್ಲ. ಆದರೆ ಮೂಲ ಕಾರಣ ಹಾಗೆಯೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಒಮಾನ್‌ನ ಅರೇಬಿಯನ್ ಆರಿಕ್ಸ್ ಸಾಕ್ಷಿಯಾಗಿದೆ. ಬೇಟೆಯಿಂದಾಗಿ 1972ರಲ್ಲಿ ನಿಸರ್ಗದಿಂದ ಅಳಿದ ಈ ಜಿಂಕೆಯಂಥ ಪ್ರಾಣಿಯನ್ನು 1982ರಲ್ಲಿ ಮರುಭೂಮಿಗೆ ಮರಳಿ ಬಿಡಲಾಯಿತು. 1996ರ ಹೊತ್ತಿಗೆ ಅವು ಸುಮಾರು 450 ಆದವು. ಆಮೇಲೆ ಕಳ್ಳಬೇಟೆ ಶುರುವಾಗಿ 65ಕ್ಕೆ ಇಳಿದವು. ಸರ್ಕಾರ ಅಭಯಾರಣ್ಯದ ವಿಸ್ತೀರ್ಣವನ್ನು ಶೇಕಡ 90ರಷ್ಟು ಕಡಿತಗೊಳಿಸಿದ್ದರಿಂದ, 2007ರಲ್ಲಿ ಯುನೆಸ್ಕೊ ಆ ತಾಣವನ್ನು ವಿಶ್ವಪರಂಪರೆಯ ಪಟ್ಟಿಯಿಂದ ತೆಗೆದುಹಾಕಿತು. ಇತರ ದೇಶಗಳಲ್ಲಿನ ಮರುಪರಿಚಯದಿಂದ ಪ್ರಭೇದವೇನೋ ಉಳಿಯಿತು, ಆದರೆ ಒಮಾನ್‌ನಲ್ಲಿ ದಶಕಗಳ ಶ್ರಮ ಬಹುಪಾಲು ಕೈಜಾರಿತು.

ಇನ್ನೊಂದು ಮಾತನ್ನು ಹೇಳಲೇಬೇಕು. ಕಾನೂನು, ಹಣ, ಕ್ಯಾಮೆರಾ ಎಲ್ಲವೂ ಒಂದು ಜೀವಿ ಅಪರೂಪವಾದ ಮೇಲಷ್ಟೇ ಅದರತ್ತ ತಿರುಗುತ್ತವೆ. ಒಂದು ಕಾಲಕ್ಕೆ ನೂರಾರು ಕೋಟಿ ಸಂಖ್ಯೆಯಲ್ಲಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ ಮಾರ್ಥಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಹಿಂಡುಗಳು ಆಕಾಶವನ್ನೇ ಮುಚ್ಚುತ್ತಿದ್ದ ದಿನಗಳಲ್ಲಿ ಅವುಗಳಿಗೆ ರಕ್ಷಣೆ ಬೇಕೆಂದರೆ ನಗುತ್ತಿದ್ದರು. 2022ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು 2030ರೊಳಗೆ ನೆಲ ಮತ್ತು ಸಮುದ್ರದ ಶೇಕಡ 30ರಷ್ಟನ್ನು ಸಂರಕ್ಷಿಸಲು ಒಪ್ಪಿದವು. ಆ ಗುರಿ ಒಳ್ಳೆಯದೇ. ಆದರೆ ಯಾರಿಗೂ ಬೇಡವಾದ ಬಂಡೆ, ಹಿಮ, ಮರಳನ್ನು ಸೇರಿಸಿ ಶೇಕಡಾವಾರು ತುಂಬಿಸುವುದು ಸುಲಭ, ನೀರೂ ಫಲವತ್ತಾದ ಮಣ್ಣೂ ಇರುವ ತಗ್ಗುನೆಲಗಳನ್ನು ಬಿಟ್ಟುಕೊಡುವುದು ಕಷ್ಟ. ಇಂದಿಗೂ ಸಾಮಾನ್ಯವೆಂದು ಎಣಿಸಿಕೊಳ್ಳುತ್ತಿರುವ ಹಕ್ಕಿ, ಕಪ್ಪೆ, ಜೇನ್ನೊಣ, ಹುಲ್ಲುಗಳಲ್ಲಿ ಹೆಚ್ಚಿನವು ಬದುಕುತ್ತಿರುವುದು ಆ ತಗ್ಗುನೆಲಗಳಲ್ಲಿಯೇ. ಅವುಗಳನ್ನು ವರ್ಷವರ್ಷವೂ ಎಣಿಸುವ ವ್ಯವಸ್ಥೆ ಬಹುತೇಕ ಕಡೆಗಳಲ್ಲಿ ಇನ್ನೂ ಇಲ್ಲ.